ಬಟಾಣಿ ಬೆಳೆದ ವಿಜ್ಞಾನ ಶಿಕ್ಷಕ

ಅಭ್ಯಾಸ ಬೋಧನೆಯ ದಿನಗಳಲ್ಲಿ ಪಾಠಯೋಜನೆ ಬರೆದು ಚಾರ್ಟ್ ಸಿದ್ಧಪಡಿಸುವಷ್ಟರಲ್ಲೇ ನಮಗೆ ರಾತ್ರಿಯಾಗುತ್ತದೆ. ಹತ್ತನೇ ತರಗತಿಯ ಅನುವಂಶೀಯತೆಯ ಪಾಠದಲ್ಲಿ ಬರುವ ಗ್ರೆಗರ್ ಮೆಂಡಲ್ ಕೂಡ ಶಾಲಾ ಶಿಕ್ಷಕರೇ ಆಗಿದ್ದರು.

1822ರಲ್ಲಿ ರೈತ ಕುಟುಂಬದಲ್ಲಿ ಹುಟ್ಟಿದ ಮೆಂಡಲ್, ಈಗಿನ ಚೆಕ್ ದೇಶದ ಬ್ರನೋ ನಗರದ ಕ್ರೈಸ್ತ ಮಠ ಸೇರಿದರು. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಎರಡು ಬಾರಿ ಕುಳಿತರೂ ತೇರ್ಗಡೆಯಾಗಲಿಲ್ಲ. ಆದರೂ 1854ರಿಂದ 14 ವರ್ಷ ಅಲ್ಲಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿದರು.

ಆ ಕೆಲಸದ ನಡುವೆಯೇ, 1856ರಿಂದ 1863ರವರೆಗೆ, ಮಠದ ತೋಟದಲ್ಲಿ ಬಟಾಣಿ ಬೆಳೆದು ಪ್ರಯೋಗ ನಡೆಸಿದರು. ಎಲ್ಲವನ್ನೂ ಅಳೆಯಲು ಹೋಗದೆ ಏಳೇ ಲಕ್ಷಣಗಳನ್ನು ಆರಿಸಿಕೊಂಡರು. ಹೂ ಬಿಟ್ಟಾಗ ಪರಾಗಸ್ಪರ್ಶ ಮಾಡಿಸುವುದು, ಕಾಯಿ ಬಲಿತಾಗ ಬೀಜ ಎಣಿಸಿ ಬರೆದಿಡುವುದು ಅವರ ಕ್ರಮ. 1865ರಲ್ಲಿ ಫಲಿತಾಂಶ ಮಂಡಿಸಿದರು.

1868ರಲ್ಲಿ ಮಠದ ಮುಖ್ಯಸ್ಥರಾದರು. ಆಡಳಿತ, ತೆರಿಗೆಯ ತಕರಾರುಗಳೇ ಸಮಯವನ್ನು ನುಂಗಿದವು. ಸಂಶೋಧನೆ ಹೆಚ್ಚುಕಡಿಮೆ ನಿಂತಿತು. 1884ರಲ್ಲಿ ತೀರಿಕೊಂಡರು. ಜಗತ್ತು ಅವರ ಕೆಲಸವನ್ನು ಗುರುತಿಸಿದ್ದು 1900ರಲ್ಲಿ.

ಅದೇ ಶಿಸ್ತಿನ ಮನುಷ್ಯನಿಗೂ ಹೊರೆ ಮೀರಿದಾಗ ಸಮಯ ಉಳಿಯಲಿಲ್ಲ. ಶಿಕ್ಷಕರು ಚಿಕ್ಕದೊಂದು ಕೆಲಸ ಆರಿಸಿಕೊಂಡು ವರ್ಷಗಟ್ಟಲೆ ಹಿಡಿದು ಮಾಡಬಹುದು. ಅವರಿಗೆ ಅಷ್ಟು ಬಿಡುವು ಉಳಿಸಿಕೊಡುವುದು ಶಾಲೆಯ ಹೊಣೆ.