ಕೆಳದಿ ಚೆನ್ನಮ್ಮ

ಕೆಳದಿ ಚೆನ್ನಮ್ಮ (ಚೆನ್ನಮ್ಮಾಜಿ) ಮಲೆನಾಡು ಮತ್ತು ಕರಾವಳಿಯ ಬಹುಭಾಗವನ್ನು ಒಳಗೊಂಡಿದ್ದ ಕೆಳದಿ ಸಂಸ್ಥಾನದ ರಾಣಿ. ಪತಿ ಒಂದನೆಯ ಸೋಮಶೇಖರ ನಾಯಕನ ಮರಣಾನಂತರ ಸುಮಾರು 1672ರಿಂದ 1697ರವರೆಗೆ ಬಿದನೂರನ್ನು ರಾಜಧಾನಿಯಾಗಿಸಿಕೊಂಡು ರಾಜ್ಯವಾಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ನೀಡಿ ಮೊಘಲ್ ಚಕ್ರವರ್ತಿ ಔರಂಗಜೇಬನ ಸೈನ್ಯವನ್ನು ಎದುರಿಸಿದ್ದಕ್ಕಾಗಿ ಈಕೆಯ ಹೆಸರು ಪ್ರಸಿದ್ಧವಾಗಿದೆ. ಆ ಯುದ್ಧವನ್ನು ಸಂಧಿಯ ಮೂಲಕ ಮುಗಿಸಿ ರಾಜ್ಯವನ್ನು ಉಳಿಸಿಕೊಂಡದ್ದು, ಪೋರ್ಚುಗೀಸರೊಂದಿಗೆ ಮಾಡಿಕೊಂಡ ಒಪ್ಪಂದ ಮತ್ತು ಉತ್ತರಾಧಿಕಾರಿಯನ್ನು ತಾನೇ ಆರಿಸಿ ಬೆಳೆಸಿದ್ದು ಈಕೆಯ ಆಳ್ವಿಕೆಯ ಇತರ ಮುಖ್ಯ ಸಂಗತಿಗಳು. 1824ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಕಿತ್ತೂರು ಚೆನ್ನಮ್ಮ ಬೇರೆಯೇ ವ್ಯಕ್ತಿ.

ಹಿನ್ನೆಲೆ

ಕೆಳದಿ ನಾಯಕರು ವಿಜಯನಗರದ ಸಾಮಂತರಾಗಿ ಅಧಿಕಾರಕ್ಕೆ ಬಂದು, ಆ ಸಾಮ್ರಾಜ್ಯದ ಪತನಾನಂತರ ಸ್ವತಂತ್ರರಾದರು. ಅವರ ರಾಜಧಾನಿಯು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ (ಇಂದಿನ ಹೊಸನಗರ ತಾಲ್ಲೂಕಿನ ನಗರ) ಸ್ಥಳಾಂತರಗೊಂಡಿತು. ಶಿವಪ್ಪ ನಾಯಕನ (ಆಳ್ವಿಕೆ 1645–1660) ಕಾಲದಲ್ಲಿ ಸಂಸ್ಥಾನವು ಉನ್ನತಿಯ ಶಿಖರವನ್ನು ಮುಟ್ಟಿತು. ಭೂಮಿಯ ಗುಣ ಮತ್ತು ಇಳುವರಿಯನ್ನು ನೋಡಿ ಕಂದಾಯ ಗೊತ್ತುಮಾಡುವ ಅವನ ಶಿಸ್ತು ಪದ್ಧತಿ ಮಲೆನಾಡಿನ ಆಡಳಿತಕ್ಕೆ ಬುನಾದಿಯಾಯಿತು. ಕರಾವಳಿಯ ಅಕ್ಕಿ ಮತ್ತು ಘಟ್ಟದ ಕಾಳುಮೆಣಸು ರಾಜ್ಯದ ಸಂಪತ್ತಿನ ಮೂಲಗಳಾಗಿದ್ದವು. ಈ ಸಂಪತ್ತಿನ ಕಾರಣದಿಂದಲೇ ಬಿಜಾಪುರ, ಮೈಸೂರು ಮತ್ತು ಪೋರ್ಚುಗೀಸರ ಕಣ್ಣು ಸದಾ ಬಿದನೂರಿನ ಮೇಲಿತ್ತು.

ವಿವಾಹ

ಚೆನ್ನಮ್ಮ ಕೋಟಿಪುರದ ವರ್ತಕ ಸಿದ್ಧಪ್ಪ ಶೆಟ್ಟಿಯ ಮಗಳು. ಶಿವಪ್ಪ ನಾಯಕನ ಮಗನಾದ ಸೋಮಶೇಖರ ನಾಯಕನು ಜಾತ್ರೆಯೊಂದರಲ್ಲಿ ಆಕೆಯನ್ನು ಕಂಡು ಮೆಚ್ಚಿ ವರಿಸಿದನೆಂದು ಸಂಪ್ರದಾಯ ಹೇಳುತ್ತದೆ. ರಾಜಮನೆತನದಲ್ಲಿ ಹುಟ್ಟದ ಹೆಣ್ಣು ರಾಣಿಯಾದದ್ದು ಮುಂದೆ ಅವಳ ಅಧಿಕಾರವನ್ನು ಒಪ್ಪದವರಿಗೆ ಒಂದು ನೆಪವಾಯಿತು. ವಿವಾಹಾನಂತರ ಆಕೆ ರಾಜಕಾರ್ಯಗಳಲ್ಲಿ ಪತಿಗೆ ನೆರವಾದಳು. ದಂಪತಿಗಳಿಗೆ ಸಂತಾನವಾಗಲಿಲ್ಲ.

ಅಧಿಕಾರ ಸ್ವೀಕಾರ

ಸೋಮಶೇಖರ ನಾಯಕನ ಕೊನೆಯ ವರ್ಷಗಳು ಸುಖಕರವಾಗಿರಲಿಲ್ಲ. ನರ್ತಕಿಯೊಬ್ಬಳ ಬಳಗದ ಪ್ರಭಾವಕ್ಕೆ ಸಿಕ್ಕಿ ಅವನು ಆರೋಗ್ಯವನ್ನೂ ರಾಜ್ಯದ ಮೇಲಿನ ಹಿಡಿತವನ್ನೂ ಕಳೆದುಕೊಂಡನೆಂಬ ವೃತ್ತಾಂತವಿದೆ. ಅವನ ಮರಣದೊಂದಿಗೆ ಸಂಸ್ಥಾನವು ಎರಡು ಕಡೆಯಿಂದ ಇಕ್ಕಟ್ಟಿಗೆ ಸಿಲುಕಿತು. ಹೊರಗಿನಿಂದ ಬಿಜಾಪುರದ ಸೈನ್ಯ ಬಿದನೂರಿನ ಮೇಲೆ ಬಂದಿತು. ಒಳಗೆ, ಹೆಣ್ಣು ಆಳುವುದನ್ನು ಒಪ್ಪದ ಕೆಲವು ಪ್ರಮುಖರು ತಮಗೆ ಬೇಕಾದವರನ್ನು ಪಟ್ಟಕ್ಕೆ ತರಲು ಯತ್ನಿಸಿದರು.

ಚೆನ್ನಮ್ಮ ಬಿದನೂರಿನಲ್ಲಿ ನಿಂತು ಎಲ್ಲವನ್ನೂ ಪಣಕ್ಕೊಡ್ಡಲಿಲ್ಲ. ಭಂಡಾರವನ್ನೂ ನಂಬಿಕಸ್ಥರನ್ನೂ ಜೊತೆಗಿಟ್ಟುಕೊಂಡು ದಟ್ಟ ಕಾಡಿನ ನಡುವಣ ಭುವನಗಿರಿ ದುರ್ಗಕ್ಕೆ (ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ) ಸರಿದಳು. ಅಲ್ಲಿ ಪಡೆಯನ್ನು ಮತ್ತೆ ಕಟ್ಟಿ, ತನ್ನ ಪಕ್ಷವನ್ನು ತೊರೆದಿದ್ದ ಅಧಿಕಾರಿಗಳಲ್ಲಿ ಹಲವರನ್ನು ಒಲಿಸಿಕೊಂಡು, ಶತ್ರುಸೈನ್ಯವನ್ನು ಹಿಮ್ಮೆಟ್ಟಿಸಿ ರಾಜಧಾನಿಗೆ ಮರಳಿದಳು. ಬಾಲಕನೊಬ್ಬನ ಹೆಸರಿನಲ್ಲಿ ಆಳದೆ ತಾನೇ ಪಟ್ಟವೇರಿದ್ದು ಈ ಘಟ್ಟದ ಮುಖ್ಯ ಸಂಗತಿ.

ಆಡಳಿತ ಮತ್ತು ವ್ಯಾಪಾರ ಒಪ್ಪಂದಗಳು

ರಾಣಿಯು ಶಿವಪ್ಪ ನಾಯಕನ ಕಂದಾಯ ವ್ಯವಸ್ಥೆಯನ್ನು ಮುಂದುವರಿಸಿದಳು. ವೀರಶೈವ ಮಠಗಳಿಗೂ ದೇವಾಲಯಗಳಿಗೂ ದತ್ತಿಗಳನ್ನು ಬಿಟ್ಟಳು. ಗೋವೆಯ ಪೋರ್ಚುಗೀಸರು ತಮ್ಮ ಅಕ್ಕಿಗಾಗಿ ಕೆನರಾ ಕರಾವಳಿಯನ್ನು ಅವಲಂಬಿಸಿದ್ದರು. ಅವರೊಂದಿಗೆ ಹಿಂದಿನ ನಾಯಕರು ಹಲವು ಬಾರಿ ಯುದ್ಧ ಮಾಡಿದ್ದರು. ಚೆನ್ನಮ್ಮನ ಕಾಲದಲ್ಲಿ, 1678ರಲ್ಲಿ, ಅಕ್ಕಿ ಮತ್ತು ಮೆಣಸಿನ ವ್ಯಾಪಾರವನ್ನು ಕುರಿತು ಒಪ್ಪಂದವಾಯಿತು. ಮಿರ್ಜಾನ್, ಹೊನ್ನಾವರ, ಚಂದಾವರ ಮತ್ತು ಕಲ್ಯಾಣಪುರಗಳಲ್ಲಿ ಚರ್ಚು ಕಟ್ಟಿಕೊಳ್ಳಲು ಪೋರ್ಚುಗೀಸರಿಗೆ ಅನುಮತಿ ದೊರೆಯಿತು. ಘಟ್ಟದ ಮೇಲೆ ಯುದ್ಧದ ಭೀತಿಯಿದ್ದಾಗ ಕರಾವಳಿಯಲ್ಲಿ ಶಾಂತಿಯನ್ನೂ ವರಮಾನವನ್ನೂ ಕಾಯ್ದುಕೊಳ್ಳಲು ಇದರಿಂದ ಅನುಕೂಲವಾಯಿತು.

ಮೈಸೂರಿನ ಚಿಕ್ಕದೇವರಾಜ ಒಡೆಯರೊಂದಿಗೆ (ಆಳ್ವಿಕೆ 1673–1704) ಕಡೂರು ಮೊದಲಾದ ಗಡಿ ಪ್ರದೇಶಗಳಿಗಾಗಿ ದೀರ್ಘಕಾಲ ಘರ್ಷಣೆ ನಡೆಯಿತು. ಇದರಲ್ಲಿ ಕೆಳದಿಯು ಗೆಲುವನ್ನೂ ಸೋಲನ್ನೂ ಕಂಡಿತು. 1690ರ ದಶಕದಲ್ಲಿ ಈ ಘರ್ಷಣೆಯೂ ಒಪ್ಪಂದದ ಹಂತಕ್ಕೆ ಬಂದಿತು.

ರಾಜಾರಾಮನಿಗೆ ಆಶ್ರಯ

ಔರಂಗಜೇಬನು 1686ರಲ್ಲಿ ಬಿಜಾಪುರವನ್ನೂ 1687ರಲ್ಲಿ ಗೋಲ್ಕೊಂಡವನ್ನೂ ಗೆದ್ದುಕೊಂಡನು. 1689ರ ಮಾರ್ಚಿಯಲ್ಲಿ ಮರಾಠ ದೊರೆ ಸಂಭಾಜಿಯನ್ನು ಕೊಲ್ಲಿಸಿದನು. ಸಂಭಾಜಿಯ ತಮ್ಮ ರಾಜಾರಾಮನು ಮಹಾರಾಷ್ಟ್ರದ ಕೋಟೆಗಳನ್ನು ಬಿಟ್ಟು, ತಮಿಳುನಾಡಿನ ಜಿಂಜಿಯನ್ನು ಸೇರಲು ಕೆಲವೇ ಸಂಗಡಿಗರೊಂದಿಗೆ ಮಾರುವೇಷದಲ್ಲಿ ಹೊರಟನು. ಮೊಘಲ್ ದಳಗಳು ಬೆನ್ನಟ್ಟಿದ್ದಾಗ ಅವನು ಕೆಳದಿಯ ಸೀಮೆಯನ್ನು ಪ್ರವೇಶಿಸಿ ರಾಣಿಯ ರಕ್ಷಣೆಯನ್ನು ಕೋರಿದನು.

ಆಶ್ರಯ ಕೊಟ್ಟರೆ ಮೊಘಲರ ದಾಳಿ ಖಚಿತವಾಗಿತ್ತು. ಬಿಜಾಪುರ ಅಳಿದ ಮೇಲೆ ಮೊಘಲರಿಗೂ ಕೆಳದಿಗೂ ನಡುವೆ ತಡೆಯಾಗಿ ನಿಲ್ಲಬಲ್ಲ ರಾಜ್ಯ ಉಳಿದಿರಲಿಲ್ಲ. ಈ ವಿಷಯದಲ್ಲಿ ಆಸ್ಥಾನದ ಹಿರಿಯರು ಹಿಂಜರಿದರೆಂದೂ, ಮೊರೆಹೊಕ್ಕವರನ್ನು ಕಾಯುವುದು ರಾಜಧರ್ಮವೆಂದು ತಿಳಿಹೇಳಿ ರಾಣಿಯು ಅವರನ್ನು ಒಪ್ಪಿಸಿದಳೆಂದೂ ಪರಂಪರೆಯು ಹೇಳುತ್ತದೆ. ಆಕೆ ರಾಜಾರಾಮನನ್ನು ಬಹುಕಾಲ ಇರಿಸಿಕೊಳ್ಳದೆ ಬೆಂಗಾವಲಿನೊಂದಿಗೆ ಗಡಿ ದಾಟಿಸಿದಳು. ಅವನು ಬೆಂಗಳೂರು ಮತ್ತು ವೇಲೂರಿನ ಮಾರ್ಗವಾಗಿ 1689ರ ಕೊನೆಯ ಭಾಗದಲ್ಲಿ ಜಿಂಜಿಯನ್ನು ತಲುಪಿದನು. ಆ ಕೋಟೆಯಿಂದ ಮರಾಠರು 1698ರವರೆಗೆ ಪ್ರತಿರೋಧವನ್ನು ನಡೆಸಿದರು.

ಮೊಘಲ್ ದಾಳಿ ಮತ್ತು ಸಂಧಿ

ಕುಪಿತನಾದ ಔರಂಗಜೇಬನು ಜಾನ್ ನಿಸಾರ್ ಖಾನನ ನೇತೃತ್ವದಲ್ಲಿ ಸೈನ್ಯವನ್ನು ಕಳುಹಿಸಿದನು. ಮಳೆ, ಕಾಡು ಮತ್ತು ಕಣಿವೆಗಳ ಪರಿಚಯವಿದ್ದ ಕೆಳದಿಯ ಪಡೆಗಳು ಇಕ್ಕಟ್ಟಾದ ದಾರಿಗಳಲ್ಲಿ ಈ ಸೈನ್ಯವನ್ನು ಕಾಡಿದವು. ಮರಾಠ ಸೇನಾನಿ ಸಂತಾಜಿ ಘೋರ್ಪಡೆ ರಾಣಿಯ ನೆರವಿಗೆ ಬಂದನು. ಕೊನೆಗೆ ಎರಡೂ ಪಕ್ಷಗಳು ಸಂಧಿಗೆ ಒಪ್ಪಿದವು.

ಸಂಧಿಯ ಸ್ವರೂಪವನ್ನು ಆಕರಗಳು ಬೇರೆಬೇರೆಯಾಗಿ ಚಿತ್ರಿಸುತ್ತವೆ. ರಾಣಿಯು ಅಲ್ಪ ಮೊತ್ತದ ದಂಡವನ್ನು ತೆತ್ತಳೆಂದು ಮೊಘಲ್ ಪಕ್ಷದ ಬರಹಗಳು ಹೇಳಿದರೆ, ಕನ್ನಡ ಪರಂಪರೆಯು ಇದನ್ನು ಚೆನ್ನಮ್ಮನ ವಿಜಯವೆಂದು ವರ್ಣಿಸುತ್ತದೆ. ಏನೇ ಇದ್ದರೂ ಅತಿಥಿಯು ಶತ್ರುಗಳ ಕೈಗೆ ಸಿಗಲಿಲ್ಲ, ಬಿದನೂರು ಮೊಘಲ್ ಸಾಮ್ರಾಜ್ಯದಲ್ಲಿ ವಿಲೀನವಾಗಲೂ ಇಲ್ಲ. ಇದೇ ಕಾಲದಲ್ಲಿ ಮಧುರೆಯನ್ನು ಆಳುತ್ತಿದ್ದ ರಾಣಿ ಮಂಗಮ್ಮಾಳ್ ಕೂಡ ಕಾಣಿಕೆ ಸಲ್ಲಿಸಿ ಮೊಘಲರೊಂದಿಗಿನ ಯುದ್ಧವನ್ನು ತಪ್ಪಿಸಿದಳು.

ಉತ್ತರಾಧಿಕಾರ ಮತ್ತು ಮರಣ

ಚೆನ್ನಮ್ಮ ಬಸವಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡು ಅವನಿಗೆ ವಿದ್ಯೆಯನ್ನೂ ಆಡಳಿತದ ಅನುಭವವನ್ನೂ ಕೊಡಿಸಿದಳು. ಆಕೆಯ ನಂತರ ಬಸವಪ್ಪ ನಾಯಕನು 1714ರವರೆಗೆ ಆಳಿದನು. ಸಂಸ್ಕೃತದ ವಿಶ್ವಕೋಶ ಸದೃಶ ಗ್ರಂಥವಾದ ‘ಶಿವತತ್ತ್ವರತ್ನಾಕರ’ವನ್ನು ರಚಿಸಿದ ಕೆಳದಿ ಬಸವರಾಜ ಇವನೇ. ಚೆನ್ನಮ್ಮನ ಸಮಾಧಿಯು ಬಿದನೂರಿನ ಕೊಪ್ಪಲು ಮಠದಲ್ಲಿದೆ.

ಸ್ಮರಣೆ

ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಎಂಬ ಚಂಪೂಕಾವ್ಯವು ಈ ಮನೆತನದ ಇತಿಹಾಸಕ್ಕೆ ಪ್ರಮುಖ ಕನ್ನಡ ಆಕರ. ಭದ್ರಾವತಿ ತಾಲ್ಲೂಕಿಗೆ ಹೊಂದಿಕೊಂಡಿರುವ, 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು ಈಗ ದಾವಣಗೆರೆ ಜಿಲ್ಲೆಗೆ ಸೇರಿರುವ ಚನ್ನಗಿರಿಗೆ ಈ ರಾಣಿಯಿಂದಲೇ ಹೆಸರು ಬಂದಿದೆ. ಕೆಳದಿಯ ರಾಮೇಶ್ವರ ದೇವಾಲಯದ ಮುಂದಿನ ಧ್ವಜಸ್ತಂಭದಲ್ಲಿರುವ ಶಿಲ್ಪಗಳನ್ನು ಚೆನ್ನಮ್ಮ ಮತ್ತು ರಾಜಾರಾಮರದೆಂದು ಗುರುತಿಸಲಾಗುತ್ತದೆ. ಶಿವಮೊಗ್ಗ ನಗರದಲ್ಲಿ ತುಂಗಾ ನದಿಯ ದಡದಲ್ಲಿರುವ ಶಿವಪ್ಪ ನಾಯಕನ ಅರಮನೆಯು ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ.

ಚೆನ್ನಮ್ಮನ ನಂತರ ಕೆಳದಿಯ ಅಧಿಕಾರವು ಮತ್ತೊಮ್ಮೆ ಹೆಣ್ಣಿನ ಕೈಗೆ ಬಂದದ್ದು ರಾಣಿ ವೀರಮ್ಮಾಜಿಯ ಕಾಲದಲ್ಲಿ. 1763ರಲ್ಲಿ ಹೈದರ್ ಅಲಿಯು ಬಿದನೂರನ್ನು ವಶಪಡಿಸಿಕೊಳ್ಳುವುದರೊಂದಿಗೆ ಸಂಸ್ಥಾನವು ಕೊನೆಗೊಂಡಿತು.