ನೇತ್ರ ತಜ್ಞ ಡಾ. ಎಂ. ಸಿ. ಮೋದಿ (1916–2005)

ಗ್ರಾಮೀಣ ಪ್ರದೇಶದ ವಯೋವೃದ್ಧರಿಗೆ ಕಣ್ಣಿನ ದೃಷ್ಟಿಯನ್ನು ಮರಳಿ ದೊರಕಿಸಿಕೊಟ್ಟ ವೈದ್ಯರ ಸಾಲಿನಲ್ಲಿ ಡಾ. ಮುರುಗೆಪ್ಪ ಚನ್ನವೀರಪ್ಪ ಮೋದಿ ಅವರ ಹೆಸರು ಅಗ್ರಗಣ್ಯವಾದುದು. ಭಾರತದಲ್ಲಿ ಸಾಮೂಹಿಕ ನೇತ್ರ ಶಸ್ತ್ರಚಿಕಿತ್ಸೆಗೆ ದಾರಿ ಹಾಕಿಕೊಟ್ಟವರಲ್ಲಿ ಅವರೂ ಒಬ್ಬರು. ಉತ್ತರ ಕರ್ನಾಟಕದ ಜನತೆ ಅವರನ್ನು ಕಣ್ಣು ಕೊಟ್ಟ ಅಣ್ಣ ಎಂದು ಪ್ರೀತಿಯಿಂದ ಕರೆಯುತ್ತಿದ್ದರು.

ಜನನ ಮತ್ತು ವಿದ್ಯಾಭ್ಯಾಸ

ಡಾ. ಮೋದಿ ಅವರು 1916ರ ಅಕ್ಟೋಬರ್ 4ರಂದು ಬೀಳಗಿಯಲ್ಲಿ ಜನಿಸಿದರು. ಅಂದು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದ ಈ ಊರು 1997ರಲ್ಲಿ ರಚನೆಯಾದ ಬಾಗಲಕೋಟೆ ಜಿಲ್ಲೆಯ ವ್ಯಾಪ್ತಿಗೆ ಬಂದಿತು. ಬೆಳಗಾವಿಯಲ್ಲಿ ವೈದ್ಯಕೀಯ ಶಿಕ್ಷಣ ಪಡೆದ ಅವರು ನೇತ್ರ ಚಿಕಿತ್ಸೆಯನ್ನೇ ತಮ್ಮ ಜೀವನದ ಕಾರ್ಯವನ್ನಾಗಿ ಆಯ್ದುಕೊಂಡರು.

ಅಂದಿನ ಪರಿಸ್ಥಿತಿ

ವಯಸ್ಸಾದಂತೆ ಕಣ್ಣಿನೊಳಗಿನ ಪಾರದರ್ಶಕ ಮಸೂರವು ಮಂಜಾಗುವುದನ್ನು ಕಣ್ಣಿನ ಪೊರೆ ಎಂದು ಕರೆಯಲಾಗುತ್ತದೆ. ಪೊರೆಯಿಂದ ಉಂಟಾದ ಅಂಧತ್ವವನ್ನು ಶಸ್ತ್ರಚಿಕಿತ್ಸೆಯಿಂದ ನಿವಾರಿಸಬಹುದು. ಔಷಧಿಯಿಂದಾಗಲಿ, ಕಣ್ಣಿಗೆ ಹಾಕುವ ಹನಿಗಳಿಂದಾಗಲಿ ಅದು ಕರಗುವುದಿಲ್ಲ. ಡಾ. ಮೋದಿ ಅವರು ವೃತ್ತಿ ಆರಂಭಿಸಿದ ಕಾಲದಲ್ಲಿ ನೇತ್ರ ತಜ್ಞರು ದೊಡ್ಡ ಪಟ್ಟಣಗಳಲ್ಲಿ ಮಾತ್ರ ಲಭ್ಯವಿದ್ದರು. ಹಳ್ಳಿಯ ವೃದ್ಧರಿಗೆ ಪಟ್ಟಣದವರೆಗೆ ಪ್ರಯಾಣಿಸುವುದು, ಜೊತೆಗೊಬ್ಬರನ್ನು ಕರೆದೊಯ್ಯುವುದು, ಅಲ್ಲಿ ಕೆಲ ದಿನ ತಂಗುವುದು ಇವೆಲ್ಲವೂ ಶಕ್ತಿಮೀರಿದ ಖರ್ಚಾಗಿದ್ದವು. ದೃಷ್ಟಿ ಮಂದವಾಗುವುದು ವೃದ್ಧಾಪ್ಯದ ಸಹಜ ಧರ್ಮವೆಂದು ಭಾವಿಸಿ ಮನೆಯ ಮೂಲೆಯಲ್ಲಿ ಉಳಿದವರ ಸಂಖ್ಯೆ ದೊಡ್ಡದಿತ್ತು.

ನೇತ್ರ ಚಿಕಿತ್ಸಾ ಶಿಬಿರಗಳು

ರೋಗಿಗಳು ಆಸ್ಪತ್ರೆಗೆ ಬರಲಾಗದಿದ್ದಲ್ಲಿ ಆಸ್ಪತ್ರೆಯೇ ರೋಗಿಗಳ ಬಳಿಗೆ ಹೋಗಬೇಕೆಂಬ ನಿಲುವಿನಿಂದ ಡಾ. ಮೋದಿ ಅವರು 1943ರಿಂದ ಊರೂರುಗಳಲ್ಲಿ ಉಚಿತ ಶಿಬಿರಗಳನ್ನು ನಡೆಸತೊಡಗಿದರು. ಶಾಲಾ ಕಟ್ಟಡ, ಛತ್ರ, ಮಠಗಳ ಆವರಣಗಳು ತಾತ್ಕಾಲಿಕ ಆಸ್ಪತ್ರೆಗಳಾಗುತ್ತಿದ್ದವು. ಊರಿನ ದಾನಿಗಳು ಮತ್ತು ಸೇವಾ ಸಂಸ್ಥೆಗಳು ಊಟ, ವಸತಿಯ ವ್ಯವಸ್ಥೆಯನ್ನು ವಹಿಸಿಕೊಳ್ಳುತ್ತಿದ್ದವು. ಶಸ್ತ್ರಚಿಕಿತ್ಸೆಗೆ ಆಯ್ಕೆಯಾದವರನ್ನು ಸಾಲು ಮೇಜುಗಳ ಮೇಲೆ ಮಲಗಿಸಿ, ಸಹಾಯಕರು ಮೊದಲೇ ಸಿದ್ಧಪಡಿಸಿರುತ್ತಿದ್ದರು. ವೈದ್ಯರು ಒಂದು ಮೇಜಿನಿಂದ ಮತ್ತೊಂದು ಮೇಜಿಗೆ ಸಾಗುತ್ತಾ ಪೊರೆ ತೆಗೆಯುತ್ತಿದ್ದರು. ತಜ್ಞರ ಸಮಯ ಒಂದು ಕ್ಷಣವೂ ವ್ಯರ್ಥವಾಗದಂತೆ ಮಾಡುವುದೇ ಈ ಪದ್ಧತಿಯ ಮರ್ಮವಾಗಿತ್ತು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ನಡೆಸಿದ ಅವರ ಸಾಧನೆ ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ನಮೂದಾಗಿದೆ.

ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಮಂಜಾದ ಮಸೂರವನ್ನು ಪೂರ್ಣವಾಗಿ ಹೊರತೆಗೆಯಲಾಗುತ್ತಿತ್ತು. ರೋಗಿಯು ಕೆಲವು ದಿನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಲುಗಾಡದೆ ಮಲಗಬೇಕಾಗಿತ್ತು. ಅನಂತರ ದಪ್ಪ ಗಾಜಿನ ಕನ್ನಡಕವನ್ನು ಧರಿಸಿದರೆ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಕಣ್ಣಿನೊಳಗೇ ಕೃತಕ ಮಸೂರವನ್ನು ಅಳವಡಿಸುವ ವಿಧಾನವು ನಮ್ಮ ದೇಶದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದದ್ದು 1990ರ ದಶಕದಿಂದೀಚೆಗೆ.

ತಪಾಸಣೆಯ ವ್ಯಾಪ್ತಿ

ಗಿನ್ನೆಸ್ ದಾಖಲೆಯ ಪ್ರಕಾರ 1993ರ ಫೆಬ್ರವರಿವರೆಗೆ ಡಾ. ಮೋದಿ ಅವರು 46,120 ಹಳ್ಳಿಗಳಿಗೆ ಭೇಟಿ ನೀಡಿ, 1,21,18,630 ರೋಗಿಗಳನ್ನು ನೋಡಿ, 6,10,564 ಶಸ್ತ್ರಚಿಕಿತ್ಸೆಗಳನ್ನು ನಡೆಸಿದ್ದರು. ಇದು ವರ್ಷಕ್ಕೆ ಸರಾಸರಿ 12 ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾಗುತ್ತವೆ.

ಈ ಅಂಕಿಗಳಲ್ಲಿ ಮತ್ತೊಂದು ಅಂಶ ಗಮನಾರ್ಹ. ಸುಮಾರು 20 ಜನರನ್ನು ನೋಡಿದಾಗ ಒಂದು ಶಸ್ತ್ರಚಿಕಿತ್ಸೆ ನಡೆದಿದೆ. ಅಂದರೆ, ಚಿಕಿತ್ಸೆಗಿಂತ ಮೊದಲು ತಪಾಸಣೆಯ ಕಾರ್ಯವು ಅದರ ಅನೇಕ ಪಟ್ಟು ದೊಡ್ಡದಾಗಿತ್ತು. ಯಾರಿಗೆ ಪೊರೆ ಬಂದಿದೆ, ಯಾರಿಗೆ ಕನ್ನಡಕ ಸಾಕು, ಯಾರ ಕಣ್ಣಿಗೆ ಬೇರೆ ಕಾಯಿಲೆ ಇದೆ ಎಂಬುದನ್ನು ಹಳ್ಳಿಯಲ್ಲೇ ಗುರುತಿಸದ ಹೊರತು ಶಸ್ತ್ರಚಿಕಿತ್ಸೆಯ ಮೇಜು ಎಷ್ಟೇ ಸಿದ್ಧವಿದ್ದರೂ ಪ್ರಯೋಜನವಿಲ್ಲ.

ಗೌರವಗಳು ಮತ್ತು ಕೊನೆಯ ವರ್ಷಗಳು

ಭಾರತ ಸರ್ಕಾರವು ಡಾ. ಮೋದಿ ಅವರಿಗೆ 1956ರಲ್ಲಿ ಪದ್ಮಶ್ರೀ ಹಾಗೂ 1968ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ಬೆಂಗಳೂರಿನಲ್ಲಿ ಅವರು ಕಣ್ಣಿನ ಆಸ್ಪತ್ರೆಯನ್ನು ಸ್ಥಾಪಿಸಿದರು. ಆ ಭಾಗದ ರಸ್ತೆಯೊಂದು ಡಾ. ಮೋದಿ ಆಸ್ಪತ್ರೆ ರಸ್ತೆ ಎಂದೇ ಹೆಸರಾಗಿದೆ. 2005ರ ನವೆಂಬರ್ 11ರಂದು, ತಮ್ಮ 89ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಶಿಬಿರಗಳಿಂದ ಸಮೀಕ್ಷೆಗಳವರೆಗೆ

ಡಾ. ಮೋದಿ ಅವರು ಶಿಬಿರಗಳನ್ನು ನಡೆಸುತ್ತಿದ್ದ ಅವಧಿಯಲ್ಲೇ ದೇಶದಲ್ಲಿ ಅಂಧತ್ವದ ಪ್ರಮಾಣವನ್ನು ಶಾಸ್ತ್ರೀಯವಾಗಿ ಅಳೆಯುವ ಕಾರ್ಯ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1971ರಿಂದ 1974ರವರೆಗೆ ನಡೆಸಿದ ಸಮೀಕ್ಷೆಯಲ್ಲಿ ಅಂಧತ್ವದ ಪ್ರಮಾಣ ಶೇ. 1.38 ಎಂದು ಕಂಡುಬಂದಿತು. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂದಿತು. 1986–89ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 1.49 ಇದ್ದು, ಅಂಧತ್ವದ ಪ್ರಕರಣಗಳಲ್ಲಿ ಶೇ. 80.1ರಷ್ಟಕ್ಕೆ ಪೊರೆಯೇ ಕಾರಣವಾಗಿತ್ತು. 2001–02ರಲ್ಲಿ ಪ್ರಮಾಣವು ಶೇ. 1.1ಕ್ಕೆ ಹಾಗೂ 2006–07ರಲ್ಲಿ ಶೇ. 1ಕ್ಕೆ ಇಳಿಯಿತು.

2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯು 50 ವರ್ಷ ಮತ್ತು ಅದಕ್ಕೂ ಹೆಚ್ಚಿನ ವಯಸ್ಸಿನವರ ಮೇಲೆ ಗಮನ ಹರಿಸಿತು. ಅಂಧತ್ವದ ಬಹುಪಾಲು ಪ್ರಕರಣಗಳು ಈ ವಯೋಮಾನದಲ್ಲೇ ಇರುವುದರಿಂದ, ಇವರನ್ನು ಪರೀಕ್ಷಿಸಿದರೆ ಇಡೀ ಸಮುದಾಯದ ಸ್ಥಿತಿಯನ್ನು ಕಡಿಮೆ ವೆಚ್ಚದಲ್ಲಿ ಅಂದಾಜು ಮಾಡಬಹುದು. ಇಂತಹ ಸಮೀಕ್ಷೆಗಳಲ್ಲಿ ಆಯ್ದ ಪ್ರದೇಶದ ಮನೆ ಮನೆಗೆ ತೆರಳಿ, ಪ್ರತಿಯೊಂದು ಕಣ್ಣಿನ ದೃಷ್ಟಿಯನ್ನು ಫಲಕದ ನೆರವಿನಿಂದ ಅಳೆಯಲಾಗುತ್ತದೆ. ಓದು ಬಾರದವರು ಚಿಹ್ನೆಯ ಬಾಯಿ ಯಾವ ದಿಕ್ಕಿಗಿದೆ ಎಂದು ಕೈಯಿಂದ ತೋರಿಸಿದರೆ ಸಾಕು.

ಈ ಸಮೀಕ್ಷೆಯಲ್ಲಿ 50 ವರ್ಷ ಮೀರಿದವರಲ್ಲಿ ಅಂಧತ್ವದ ಪ್ರಮಾಣ ಶೇ. 1.99 ಹಾಗೂ ಒಟ್ಟು ಜನಸಂಖ್ಯೆಯಲ್ಲಿ ಶೇ. 0.36 ಎಂದು ಅಂದಾಜಿಸಲಾಯಿತು. ಹಿಂದಿನ ಅಂಕಿಗಳೊಂದಿಗೆ ಇದನ್ನು ಹೋಲಿಸುವಾಗ ಒಂದು ಬದಲಾವಣೆಯನ್ನು ಗಮನಿಸಬೇಕು. ಮೊದಲು 6/60ಕ್ಕಿಂತ ಕಡಿಮೆ ದೃಷ್ಟಿಯನ್ನು, ಅಂದರೆ ಆರೋಗ್ಯವಂತ ಕಣ್ಣು 60 ಮೀಟರ್ ದೂರದಿಂದ ಗುರುತಿಸುವುದನ್ನು 6 ಮೀಟರ್‌ನಿಂದಲೂ ಗುರುತಿಸಲಾಗದ ಸ್ಥಿತಿಯನ್ನು, ಅಂಧತ್ವವೆಂದು ಪರಿಗಣಿಸಲಾಗುತ್ತಿತ್ತು. 2017ರಲ್ಲಿ ಈ ಮಿತಿಯನ್ನು 3/60ಕ್ಕೆ ಬದಲಿಸಲಾಯಿತು. ಆದ್ದರಿಂದ ಇಳಿಕೆಯ ಒಂದು ಭಾಗವು ವ್ಯಾಖ್ಯಾನದ ಬದಲಾವಣೆಯಿಂದ ಬಂದದ್ದಾಗಿದೆ. 50 ವರ್ಷ ಮೀರಿದವರ ಅಂಧತ್ವಕ್ಕೆ ಪೊರೆಯೇ ಪ್ರಮುಖ ಕಾರಣವಾಗಿ ಉಳಿದಿದ್ದು, ಅದರ ಪಾಲು ಶೇ. 66.2ರಷ್ಟಿತ್ತು. ಡಾ. ಮೋದಿ ಅವರು ಹಳ್ಳಿಗಳಲ್ಲಿ ಕಂಡ ಕಾರಣವೇ ಏಳು ದಶಕಗಳ ನಂತರವೂ ಮೊದಲ ಸ್ಥಾನದಲ್ಲಿತ್ತು.

ಸಾರ್ವಜನಿಕರ ಗಮನಕ್ಕೆ

50 ವರ್ಷ ಮೀರಿದ ಎಲ್ಲರೂ, ಯಾವುದೇ ತೊಂದರೆ ಕಾಣದಿದ್ದರೂ, ಕಾಲಕಾಲಕ್ಕೆ ಕಣ್ಣಿನ ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ. ಮಧುಮೇಹ ಇರುವವರು ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆಗೆ ಒಳಗಾಗುವುದು ಅವಶ್ಯಕ. ಗ್ಲಾಕೋಮಾ ಕಾಯಿಲೆಯಿಂದ ಒಮ್ಮೆ ಹೋದ ದೃಷ್ಟಿ ಮರಳಿ ಬರುವುದಿಲ್ಲವಾದ್ದರಿಂದ ಅದನ್ನು ಆರಂಭದಲ್ಲೇ ಪತ್ತೆ ಹಚ್ಚಬೇಕು. ಪೊರೆ ಪೂರ್ಣವಾಗಿ ಬಲಿಯುವವರೆಗೆ ಕಾಯಬೇಕೆಂಬ ನಂಬಿಕೆ ಸರಿಯಲ್ಲ; ದಿನನಿತ್ಯದ ಕೆಲಸಗಳಿಗೆ ಅಡ್ಡಿಯಾದಾಗಲೇ ವೈದ್ಯರನ್ನು ಕಾಣಬಹುದು.

ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಮತ್ತೊಂದರಿಂದ ಗೋಡೆಯ ಕ್ಯಾಲೆಂಡರ್ ನೋಡುವ ಮೂಲಕ ಎರಡೂ ಕಣ್ಣುಗಳ ದೃಷ್ಟಿಯಲ್ಲಿ ವ್ಯತ್ಯಾಸವಿದೆಯೇ ಎಂದು ಮನೆಯಲ್ಲೇ ತಿಳಿಯಬಹುದು. ವ್ಯತ್ಯಾಸ ಕಂಡುಬಂದಲ್ಲಿ ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಅಥವಾ ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಬಹುದು. ತಮ್ಮ ತೊಂದರೆಯನ್ನು ತಾವಾಗಿ ಹೇಳಿಕೊಳ್ಳದ ಹಿರಿಯರನ್ನು, ವಿಶೇಷವಾಗಿ ಒಂಟಿಯಾಗಿ ವಾಸಿಸುವ ವೃದ್ಧೆಯರನ್ನು, ಮನೆಯವರು ಮತ್ತು ನೆರೆಹೊರೆಯವರು ತಪಾಸಣೆಗೆ ಕರೆತರಬೇಕೆಂದು ಕೋರಲಾಗಿದೆ.