ಕರಾಡದ ಖಾಶಾಬಾ ಮತ್ತು ನಮ್ಮ ಮನೆಯ ಬಾಕ್ಸಿಂಗ್ ಕ್ಲಾಸು

ಕಳೆದ ಜೂನ್ ತಿಂಗಳಲ್ಲಿ ನನ್ನ ಹನ್ನೊಂದು ವರ್ಷದ ಮಗಳು ಬಾಕ್ಸಿಂಗ್ ಕ್ಲಾಸಿಗೆ ಸೇರುತ್ತೇನೆಂದು ಹಠ ಹಿಡಿದಳು. ದಹಿಸರ್ ಸ್ಟೇಶನ್‌ನಿಂದ ನಮ್ಮ ಸೊಸೈಟಿಗೆ ಬರುವ ದಾರಿಯಲ್ಲಿ ಒಂದು ವ್ಯಾಯಾಮಶಾಲೆ ಇದೆ. ಅದರ ಬೋರ್ಡಿನ ಮೇಲಿರುವ ಮೇರಿ ಕೋಮ್ ಅವರ ಚಿತ್ರ ನೋಡಿದಾಗಿನಿಂದ ಅವಳಿಗೆ ಅದೇ ಧ್ಯಾನ. ಮೂಗು ಮುರಿದುಕೊಂಡರೆ ಹೆಣ್ಣುಮಗಳ ಗತಿ ಏನು ಎಂಬುದು ಅತ್ತೆಯವರ ಚಿಂತೆ. ವಾರದಲ್ಲಿ ಮೂರು ಸಂಜೆ ಅಲ್ಲಿ ಕಳೆದರೆ ಓದುವುದು ಯಾವಾಗ ಎಂಬುದು ನನ್ನ ಚಿಂತೆ. ನಾನೂ ಒಂಬತ್ತನೆಯ ತರಗತಿಯವರೆಗೆ ಖೋ ಖೋ ಆಡಿದವಳೇ. ಹತ್ತನೆಯದು ಬಂದ ಕೂಡಲೇ ಬಿಟ್ಟೆ. ಮುಂದೆ ಎಂ.ಟೆಕ್. ಆಯಿತು, ಐಟಿ ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ಆದರೂ ಮೈದಾನದಲ್ಲಿ ಮಕ್ಕಳು ಖೋ ಖೋ ಆಡುವುದು ಕಂಡರೆ ಈಗಲೂ ಒಂದು ಕ್ಷಣ ನಿಂತು ನೋಡುತ್ತೇನೆ.

ನಿರ್ಧಾರವನ್ನು ಮುಂದೂಡಲು ಮಗಳಿಗೆ ಒಂದು ಕೆಲಸ ಕೊಟ್ಟೆ. ಎದುರಾಳಿಯ ಜೊತೆ ಮೈಗೆ ಮೈ ಕೊಟ್ಟು ಸೆಣಸುವ ಆಟಗಳಲ್ಲಿ ನಮ್ಮ ದೇಶಕ್ಕೆ ಮೊದಲ ಒಲಿಂಪಿಕ್ ಪದಕ ತಂದವರು ಯಾರೆಂದು ಹುಡುಕಿ ಬಾ ಎಂದೆ. 2012ರ ಮೇರಿ ಕೋಮ್ ಅವರಿಂದ ಆರಂಭಿಸಿ, 2008ರಲ್ಲಿ ಬಾಕ್ಸಿಂಗ್‌ನ ಮೊದಲ ಪದಕ ಗೆದ್ದ ವಿಜೇಂದರ್ ಸಿಂಗ್ ಅವರನ್ನು ದಾಟಿ, ಅವಳು ಒಮ್ಮೆಲೇ 1952ಕ್ಕೆ ಹೋಗಿ ನಿಂತಳು. ಅಲ್ಲಿ ಇದ್ದವರು ಬಾಕ್ಸರ್ ಅಲ್ಲ, ಒಬ್ಬ ಪೈಲ್ವಾನ. ಹೆಸರು ಖಾಶಾಬಾ ದಾದಾಸಾಹೇಬ್ ಜಾಧವ್. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದುಕೊಟ್ಟವರು. ಊರು ಸಾತಾರಾ ಜಿಲ್ಲೆಯ ಕರಾಡದ ಹತ್ತಿರದ ಗೋಳೇಶ್ವರ.

ನನಗೆ ನಾಚಿಕೆಯಾಯಿತು. ನನ್ನ ತವರು ಚಿಕ್ಕೋಡಿ ಕಡೆ. ಪ್ರತಿ ಮೇ ತಿಂಗಳು ಊರಿಗೆ ಹೋಗುವಾಗ ಬಸ್ಸು ಕರಾಡವನ್ನು ದಾಟಿಯೇ ಹೋಗುತ್ತದೆ. ಎಷ್ಟೋ ಸಲ ಅಲ್ಲಿ ಇಳಿದು ಚಹಾ ಕುಡಿದಿದ್ದೇನೆ. ನನ್ನ ಅಜ್ಜ ಕುಸ್ತಿ ನೋಡಲೆಂದೇ ಗಡಿ ದಾಟಿ ಕೊಲ್ಲಾಪುರದ ಖಾಸಬಾಗ್ ಮೈದಾನಕ್ಕೆ ಹೋಗುತ್ತಿದ್ದವರು. ಅವರ ಬಾಯಲ್ಲಿ ಈ ಹೆಸರು ಬಂದಿರಲೇಬೇಕು. ನಾನು ಕಿವಿಗೊಟ್ಟಿರಲಿಲ್ಲ ಅಷ್ಟೇ.

ಖಾಶಾಬಾ ಹುಟ್ಟಿದ್ದು 1926ರ ಜನವರಿ 15ರಂದು, ಐವರು ಗಂಡುಮಕ್ಕಳಲ್ಲಿ ಕೊನೆಯವರಾಗಿ. ತಂದೆ ದಾದಾಸಾಹೇಬರೂ ಪೈಲ್ವಾನರು. ಮಗನಿಗೆ ಐದು ವರ್ಷವಾದಾಗಲೇ ಗರಡಿಯ ಮಣ್ಣಿನ ರುಚಿ ಹತ್ತಿತ್ತು. ಕರಾಡದಲ್ಲಿ ಶಾಲೆ ಮುಗಿಸಿ ಕೊಲ್ಲಾಪುರದ ರಾಜಾರಾಮ್ ಕಾಲೇಜಿಗೆ ಸೇರಿದರು. ಆಳು ದೊಡ್ಡವರಲ್ಲ, ಆದರೆ ಚುರುಕು. ಎದುರಾಳಿಯ ತಲೆಯನ್ನು ಹಿಡಿತಕ್ಕೆ ತೆಗೆದುಕೊಂಡು ಎತ್ತಿ ಕೆಡವುವ ಢಾಕ್ ಎಂಬ ಪಟ್ಟಿಗೆ ಅವರು ಹೆಸರಾಗಿದ್ದರು.

1948ರ ಲಂಡನ್ ಒಲಿಂಪಿಕ್ಸ್‌ಗೆ ಕೊಲ್ಲಾಪುರದ ಮಹಾರಾಜರ ನೆರವಿನಿಂದ ಹೋದರು. ಅಲ್ಲಿ ಮಣ್ಣಿನ ಅಖಾಡವಿಲ್ಲ, ಮ್ಯಾಟ್. ನಿಯಮಗಳೂ ಹೊಸವು. ಆದರೂ ಫ್ಲೈವೇಟ್ ವಿಭಾಗದಲ್ಲಿ ಆರನೆಯವರಾದರು. ಮರಳಿ ಬಂದು ನಾಲ್ಕು ವರ್ಷ ಇನ್ನಷ್ಟು ಬೆವರು ಸುರಿಸಿದರು.

1952ರ ಹೆಲ್ಸಿಂಕಿಗೆ ಮೊದಲು ಅವರ ಹೆಸರು ಆಯ್ಕೆಯಾಗಲಿಲ್ಲ. ತಮಗೆ ಅನ್ಯಾಯವಾಗಿದೆ ಎಂದು ಅವರು ಕುಸ್ತಿಪ್ರಿಯರಾದ ಪಟಿಯಾಲದ ಮಹಾರಾಜರಿಗೆ ಮೊರೆಯಿಟ್ಟರು. ಮರುಪಂದ್ಯ ಏರ್ಪಾಡಾಯಿತು, ಖಾಶಾಬಾ ಗೆದ್ದರು. ಆದರೆ ಹೋಗಲು ದುಡ್ಡು? ಊರಿನವರು ಕೈಲಾದಷ್ಟು ಕೂಡಿಸಿದರು. ಅದು ಸಾಲದಾದಾಗ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರ್ ಅವರು ತಮ್ಮ ಮನೆಯನ್ನು ಅಡವಿಟ್ಟು 7,000 ರೂಪಾಯಿ ತಂದುಕೊಟ್ಟರು. ನಮ್ಮ ಮನೆಯ ಕಂತು ಇನ್ನೂ ಹದಿನಾಲ್ಕು ವರ್ಷ ಬಾಕಿ ಇದೆ. ಇನ್ನೊಬ್ಬರ ಮಗನಿಗಾಗಿ ಇದ್ದ ಸೂರನ್ನು ಅಡವಿಡುವುದೆಂದರೆ ಏನೆಂದು, ಹಾಗಾಗಿ, ನನಗೆ ಚೆನ್ನಾಗಿ ಗೊತ್ತು.

ಹೆಲ್ಸಿಂಕಿಯಲ್ಲಿ ಅವರು ಬ್ಯಾಂಟಮ್‌ವೇಟ್ ಫ್ರೀಸ್ಟೈಲ್‌ನಲ್ಲಿ ಕೆನಡಾ, ಮೆಕ್ಸಿಕೊ ಮತ್ತು ಜರ್ಮನಿಯ ಪೈಲ್ವಾನರನ್ನು ಸೋಲಿಸಿದರು. ಸೋವಿಯತ್ ಒಕ್ಕೂಟದ ಮಮೆದ್‌ಬೆಕೊವ್ ಮತ್ತು ಚಿನ್ನ ಗೆದ್ದ ಜಪಾನಿನ ಇಶಿಯಿ ಅವರೆದುರು ಸೋತು ಕಂಚು ಪಡೆದರು. ಅದೇ ಒಲಿಂಪಿಕ್ಸ್‌ನಲ್ಲಿ ನಮ್ಮ ಹಾಕಿ ತಂಡ ಚಿನ್ನ ಗೆದ್ದಿತ್ತು. ದೇಶದ ಕಣ್ಣು ಅತ್ತಲೇ ಇತ್ತು. ಕರಾಡದ ಜನ ಮಾತ್ರ ತಮ್ಮವನನ್ನು ಮರೆಯಲಿಲ್ಲ. 151 ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಅವರನ್ನು ಊರಿಗೆ ಕರೆದೊಯ್ದರು. ಸನ್ಮಾನದ ಹಾರಗಳು ಬಾಡಿದ ಮೇಲೆ ಖಾಶಾಬಾ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕುಸ್ತಿ ಪಂದ್ಯಗಳಲ್ಲಿ ಗಳಿಸಿದ ಹಣದಿಂದ ಗುರುಗಳ ಮನೆಯ ಸಾಲ ತೀರಿಸಿದ್ದು.

1955ರಲ್ಲಿ ಅವರು ಪೊಲೀಸ್ ಇಲಾಖೆಗೆ ಸಬ್ ಇನ್ಸ್‌ಪೆಕ್ಟರ್ ಆಗಿ ಸೇರಿದರು. ನಾವೀಗ ಓಡಾಡುವ ಇದೇ ಮುಂಬೈಯಲ್ಲಿ ಒಲಿಂಪಿಕ್ ಪದಕವಿದ್ದ ಒಬ್ಬ ಪೊಲೀಸ್ ಅಧಿಕಾರಿ ಸದ್ದಿಲ್ಲದೆ ನೌಕರಿ ಮಾಡಿಕೊಂಡಿದ್ದರು. ಬಡ್ತಿ ಬಹಳ ತಡವಾಗಿ ಸಿಕ್ಕಿತು. 27 ವರ್ಷ ದುಡಿದು ಅಸಿಸ್ಟೆಂಟ್ ಕಮಿಷನರ್ ಆಗಿ ನಿವೃತ್ತರಾದ ಮೇಲೆ ಪಿಂಚಣಿಗಾಗಿಯೂ ಹೋರಾಡಬೇಕಾಯಿತು. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 58.

ಗೌರವಗಳು ಬಂದದ್ದು ಆಮೇಲೆ. ಅರ್ಜುನ ಪ್ರಶಸ್ತಿ ಬಂದಾಗ ಅವರು ಹೋಗಿ ಒಂದೂವರೆ ದಶಕ ಕಳೆದಿತ್ತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ದೆಹಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. 2023ರಲ್ಲಿ ಅವರ ಹುಟ್ಟುಹಬ್ಬದಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು. ಪದ್ಮ ಪ್ರಶಸ್ತಿಯಂತೂ ಬದುಕಿದ್ದಾಗ ಸಿಗಲೇ ಇಲ್ಲ.

ಅವರ ಪದಕದ ನಂತರ ಇನ್ನೊಂದು ವೈಯಕ್ತಿಕ ಪದಕಕ್ಕೆ ದೇಶ 44 ವರ್ಷ ಕಾಯಿತು. 1996ರಲ್ಲಿ ಲಿಯಾಂಡರ್ ಪೇಸ್ ಟೆನಿಸ್‌ನಲ್ಲಿ ಕಂಚು ಗೆದ್ದರು. ಕುಸ್ತಿಯ ಮುಂದಿನ ಪದಕ 2008ರಲ್ಲಿ ಸುಶೀಲ್ ಕುಮಾರ್ ಅವರಿಂದ ಬಂತು. 2016ರಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದು, ಕುಸ್ತಿಯಲ್ಲಿ ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಮಹಾರಾಷ್ಟ್ರಕ್ಕಂತೂ ಮತ್ತೊಂದು ವೈಯಕ್ತಿಕ ಪದಕ ಬರಲು 72 ವರ್ಷ ಬೇಕಾಯಿತು. 2024ರ ಪ್ಯಾರಿಸ್‌ನಲ್ಲಿ ಅದನ್ನು ಶೂಟಿಂಗ್‌ನಲ್ಲಿ ತಂದ ಸ್ವಪ್ನಿಲ್ ಕುಸಾಳೆ ಕೊಲ್ಲಾಪುರ ಜಿಲ್ಲೆಯವರು.

ಈ ವರ್ಷಗಳ ಲೆಕ್ಕ ಹಾಕುತ್ತಾ ಕೂತಾಗ ನನಗೆ ಹೊಳೆದದ್ದು ಇಷ್ಟೇ. ಖಾಶಾಬಾ ಅವರಿಗೆ ಸಿಕ್ಕ ದೊಡ್ಡ ಗೌರವಗಳೆಲ್ಲ ಅವರಿಗೆ ಉಪಯೋಗಕ್ಕೆ ಬಾರದ ಕಾಲದಲ್ಲಿ ಬಂದವು. ಅವರನ್ನು ಹೆಲ್ಸಿಂಕಿಗೆ ಮುಟ್ಟಿಸಿದ್ದು ಗೆಲ್ಲುವ ಮೊದಲೇ ನಂಬಿದ ಗುರು ಮತ್ತು ಊರಿನ ಜನ. ಗೆಲ್ಲುತ್ತಾರೆಂಬ ಖಾತ್ರಿ ಅವರಲ್ಲಿ ಯಾರಿಗೂ ಇರಲಿಲ್ಲ. ಅಂಥವರು ಹೆಚ್ಚು ಇದ್ದಿದ್ದರೆ ನಾವು 44 ವರ್ಷ ಕಾಯಬೇಕಾಗಿರಲಿಲ್ಲವೇನೋ.

ಇದನ್ನೆಲ್ಲ ಅತ್ತೆಯವರಿಗೆ ಒಂದು ರಾತ್ರಿ ಊಟದ ಹೊತ್ತಿಗೆ ಹೇಳಿದೆ. ಪ್ರಾಂಶುಪಾಲರು ಮನೆ ಅಡವಿಟ್ಟ ಕಥೆ ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕ್ಲಾಸಿನ ಫೀ ಎಷ್ಟೆಂದು ಕೇಳಿದರು. ಮೂಗಿನ ಚಿಂತೆ ಅವರಿಗೆ ಈಗಲೂ ಇದೆ. ಆದರೆ ಮೊದಲ ತಿಂಗಳ ಫೀ ಅವರೇ ಕೊಟ್ಟರು. ಮಗಳು ಈಗ ಸೋಮವಾರ, ಬುಧವಾರ, ಶುಕ್ರವಾರ ಕೈಗೆ ಪಟ್ಟಿ ಸುತ್ತಿಕೊಂಡು ಹೋಗುತ್ತಾಳೆ. ಪದಕ ಬರುತ್ತದೆಯೋ ಇಲ್ಲವೋ ಗೊತ್ತಿಲ್ಲ. ಅದನ್ನು ಕೇಳುವ ವಯಸ್ಸೂ ಅವಳದಲ್ಲ.

ಕೊನೆಯದಾಗಿ ನಮ್ಮ ಮಹಿಳಾ ವಿಭಾಗದ ಸಹೋದರಿಯರಲ್ಲಿ ಒಂದು ವಿನಂತಿ. ಪ್ರತಿ ವರ್ಷ ನಾವು ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಅದು ಹಾಗೆಯೇ ಮುಂದುವರಿಯಲಿ. ಅದರ ಜೊತೆಗೆ, ಇನ್ನೂ ಏನನ್ನೂ ಗೆಲ್ಲದ, ಆದರೆ ದಿನವೂ ಮೈದಾನಕ್ಕೆ ಹೋಗುವ ಒಂದು ಮಗುವಿಗೆ ಬೂಟಿಗೋ ಪ್ರಯಾಣಕ್ಕೋ ನಾವೆಲ್ಲ ಸೇರಿ ಒಂದಿಷ್ಟು ಹಣ ಕೂಡಿಸೋಣ. ಮೊದಲ ಪಾಲು ನನ್ನದಿರಲಿ. ಮುಂದಿನ ಮೇ ತಿಂಗಳು ಊರಿಗೆ ಹೋಗುವಾಗ ಕರಾಡದಲ್ಲಿ ಇಳಿದು, ಮಗಳನ್ನು ಗೋಳೇಶ್ವರಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ.